ಶೇಕಡಾ ಎಷ್ಟು ಅಂತ ಬಿಡಿ, ಯಾರು ಅಂತ ಕೇಳಿ

ಮೇ ತಿಂಗಳು ಬಂತೆಂದರೆ ನಮ್ಮ ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿನಲ್ಲಿ ಒಂದೇ ಫೋಟೊ ನಾಲ್ಕು ಜನರಿಂದ ಫಾರ್ವರ್ಡ್ ಆಗುತ್ತೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿ. ಬೆಂಗಳೂರಿನ ಆಫೀಸಿನಲ್ಲಿ ಪಕ್ಕದ ಸೀಟಿನವನು ಅದನ್ನ ನೋಡಿ "ಮಧುಗಿರಿ ಯಾವಾಗ ಜಿಲ್ಲೆ ಆಯ್ತು ಗುರೂ?" ಅಂತ ಪ್ರತಿವರ್ಷ ಕೇಳ್ತಾನೆ. ಕಂದಾಯ ಜಿಲ್ಲೆ ಆಗಿಲ್ಲ ಕಣಪ್ಪ, ಅದು ಶೈಕ್ಷಣಿಕ ಜಿಲ್ಲೆ. ರಾಜ್ಯದಲ್ಲಿ ಜಿಲ್ಲೆಗಳು 31, ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ 35. ತುಮಕೂರು ಜಿಲ್ಲೆಯ ಉತ್ತರ ಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿ ಒಂದು. ನಾನು ಕೊರಟಗೆರೆಯವನು, ಹಾಗಾಗಿ ಪಟ್ಟಿಯಲ್ಲಿ ಕಣ್ಣು ಮೊದಲು ಹೋಗೋದೇ ಆ ಸಾಲಿಗೆ.

ಆ ಸಾಲು ಕಳೆದ ಕೆಲವು ವರ್ಷಗಳಲ್ಲಿ ಎಲ್ಲೆಲ್ಲಿ ಓಡಾಡಿದೆ ನೋಡಿ. 2020ರಲ್ಲಿ ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಬಿಟ್ಟರೆ ನಾವೇ, ರಾಜ್ಯಕ್ಕೆ ಮೂರನೇ ಸ್ಥಾನ. 2023ರಲ್ಲಿ ಶೇ 93ರ ಆಸುಪಾಸು, ಮೊದಲ ಹತ್ತರ ಒಳಗೆ. 2024ರಲ್ಲಿ ಶೇ 62ರ ಆಸುಪಾಸು, ಪಟ್ಟಿಯ ತಳದಿಂದ ಎಣಿಸಿದರೆ ಬೇಗ ಸಿಗುವ ಜಾಗ. ನಮ್ಮದೊಂದೇ ಕಥೆಯಲ್ಲ. ಶಿರಾ ದಾಟಿದರೆ ಸಿಗುವ ಚಿತ್ರದುರ್ಗ 2023ರಲ್ಲಿ ಶೇ 96.8 ತಗೊಂಡು ರಾಜ್ಯಕ್ಕೇ ಮೊದಲು, ಮರುವರ್ಷ 72.85ಕ್ಕೆ ಇಳಿದು ಇಪ್ಪತ್ತರ ಆಚೆ. ಅದೇ 2023ರಲ್ಲಿ ಮಧ್ಯದಲ್ಲೆಲ್ಲೋ ಇದ್ದ ಉಡುಪಿ, ದಕ್ಷಿಣ ಕನ್ನಡ 2024ರಲ್ಲಿ ಮೊದಲೆರಡು ಸ್ಥಾನ.

ಒಂದೇ ವರ್ಷದಲ್ಲಿ ನಮ್ಮ ಕಡೆ ಮಕ್ಕಳು ದಡ್ಡರಾದರಾ? ಮೇಷ್ಟ್ರುಗಳು ಪಾಠ ಮರೆತರಾ? ಎರಡೂ ಇಲ್ಲ. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯ್ತು. ರಾಜ್ಯದ ಒಟ್ಟು ಫಲಿತಾಂಶ 83.89ರಿಂದ 73.40ಕ್ಕೆ ಬಂತು. ಅದೂ ಶೇ 10 ಇದ್ದ ಕೃಪಾಂಕವನ್ನ 20ಕ್ಕೆ ಏರಿಸಿ, ಅರ್ಹತೆಯ ಗೆರೆಯನ್ನ 35ರಿಂದ 25ಕ್ಕೆ ಇಳಿಸಿದ ಮೇಲೆ. ಅಷ್ಟು ಮಾಡದಿದ್ದರೆ ಇನ್ನೂ ಸುಮಾರು 20 ಅಂಶ ಕೆಳಗೆ. ಕೋವಿಡ್ಡಿನ 2021ರಲ್ಲಂತೂ ಎರಡೇ ದಿನದ ಬಹು ಆಯ್ಕೆ ಪರೀಕ್ಷೆ, 99.9 ಪಾಸು. ನಮ್ಮ ಕೆಲಸದಲ್ಲಿ ಒಂದು ಗ್ರಾಫ್ ಹೀಗೆ ಮೇಲೆ ಕೆಳಗೆ ಕುಣಿದರೆ ಮೊದಲು ಅನುಮಾನಿಸೋದು ಸೆನ್ಸರ್ ಅನ್ನ, ಮಷೀನನ್ನಲ್ಲ. ಆದರೂ ಆ ಒಂದು ಸಂಖ್ಯೆ ಹಿಡಿದುಕೊಂಡೇ ಸಭೆ ನಡೆಯುತ್ತೆ, ಸನ್ಮಾನ ನಡೆಯುತ್ತೆ, ಕಾರಣ ಕೇಳಿ ನೋಟಿಸ್ ಹೋಗುತ್ತೆ.

ಇದನ್ನ ಬರೀಬೇಕು ಅನ್ನಿಸಿದ್ದು ಅಕ್ಕನಿಂದ. ನಮ್ಮ ದೊಡ್ಡಪ್ಪನ ಮಗಳು. ಪಾವಗಡ ತಾಲ್ಲೂಕಿನ ಆಂಧ್ರದ ಅಂಚಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿಸಿಎಂ ಟೀಚರು, ಅಂದರೆ ಗಣಿತ ಮತ್ತು ಭೌತವಿಜ್ಞಾನ ಇಬ್ಬರದ್ದೂ ಹೊಣೆ ಒಬ್ಬಳ ಮೇಲೆ. 2024ರ ಮೇನಲ್ಲಿ ಅವಳ ಶಾಲೆಯಲ್ಲಿ 29 ಮಕ್ಕಳು ಬರೆದು 17 ಪಾಸಾದರು. ಶೇ 58.6. ಜೂನಿನಲ್ಲಿ ಊರಿಗೆ ಬಂದವಳು ನನ್ನ ಮುಂದೆ ಒಂದು ಫಾರ್ಮ್ಯಾಟ್ ಇಟ್ಟಳು. ಈ ವರ್ಷದ ಕ್ರಿಯಾ ಯೋಜನೆ, ನಿರೀಕ್ಷಿತ ಫಲಿತಾಂಶ ಶೇಕಡಾ ಎಷ್ಟು ಅಂತ ತುಂಬಬೇಕು.

"ನೂರು ಅಂತ ಬರಿ ಅಕ್ಕ, ಎಲ್ಲರೂ ಅದೇ ತಾನೇ ಬರೆಯೋದು?"

"ನೂರು ಬರೆಯೋಕೆ ನೀನ್ಯಾಕೋ ಬೇಕು, ಪೆನ್ನಿದ್ರೆ ಸಾಕು. ಯಾರನ್ನ ಹೆಂಗೆ ಪಾಸ್ ಮಾಡಿಸ್ಬೇಕು ಅಂತ ಎಲ್ಲೂ ಕಾಲಮ್ಮೇ ಇಲ್ಲ ನೋಡು."

ಅವಳ ಮಾತು ನಿಜ. ಸರ್ಕಾರಿ ಶಾಲೆಗಳಲ್ಲಿ ಡೇಟಾ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಪ್ರತಿ ಮಗುವಿಗೂ ಎಸ್‌ಎಟಿಎಸ್ ನಂಬರ್ ಇದೆ, ಅದು ಒಂದನೇ ತರಗತಿಯಿಂದ ಮಗುವಿನ ಜೊತೆಗೇ ಬರುತ್ತೆ. ಯುಡೈಸ್‌ನಲ್ಲಿ ಶೌಚಾಲಯ ಎಷ್ಟು, ಅದರಲ್ಲಿ ನೀರು ಬರೋದು ಎಷ್ಟು ಅನ್ನೋವರೆಗೂ ಲೆಕ್ಕ ಇದೆ. ಬಿಸಿಯೂಟ, ಹಾಲು, ಮೊಟ್ಟೆ, ಬಾಳೆಹಣ್ಣು ಎಲ್ಲಕ್ಕೂ ದಿನದ ಲೆಕ್ಕ. ಎಫ್‌ಎ, ಎಸ್‌ಎ ಅಂಕಗಳು, ಜೂನ್‌ನಲ್ಲಿ ಸೇತುಬಂಧದ ಪೂರ್ವ ಪರೀಕ್ಷೆ, ಸಾಫಲ್ಯ ಪರೀಕ್ಷೆ. ನಮ್ಮ ಕಂಪನಿಗಿಂತ ಚೆನ್ನಾಗಿ ಲಾಗ್ ಇಟ್ಟಿದ್ದಾರೆ ಅಂತ ನನಗೆ ಅನ್ನಿಸಿದ್ದು ಸುಳ್ಳಲ್ಲ. ತೊಂದರೆ ಏನಂದರೆ ಇದೆಲ್ಲ ಮೇಲಕ್ಕೆ ಹೋಗುತ್ತೆ. ಶಾಲೆಯಿಂದ ಸಿಆರ್‌ಪಿಗೆ, ಅಲ್ಲಿಂದ ಬಿಇಒ ಆಫೀಸಿಗೆ, ಡಿಡಿಪಿಐಗೆ, ಬೆಂಗಳೂರಿಗೆ. ತುಂಬಿದ ಟೀಚರಿಗೆ ಅದರಿಂದ ಏನು ವಾಪಸ್ ಬಂತು ಅಂತ ಕೇಳಿ ನೋಡಿ. ಸಾಮಾನ್ಯವಾಗಿ ಬರೋದು "ಇನ್ನೂ ಅಪ್‌ಲೋಡ್ ಆಗಿಲ್ಲ" ಅನ್ನೋ ಫೋನು.

ಶಿಕ್ಷಣ ಹಕ್ಕು ಕಾಯ್ದೆಯಲ್ಲಿ, 2009ರದ್ದು, 22ನೇ ಸೆಕ್ಷನ್ ಅಂತ ಒಂದಿದೆ. ಪೋಷಕರಿರುವ ಸಮಿತಿಯೇ ಕೂತು ಶಾಲಾ ಅಭಿವೃದ್ಧಿ ಯೋಜನೆ ಮಾಡಬೇಕು ಅನ್ನುತ್ತೆ ಅದು. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿಗಳು ಅದಕ್ಕೂ ಮುಂಚೆ, 2001ರಿಂದಲೇ ಇವೆ. ನಾನು ಕಣ್ಣಾರೆ ಕಂಡ ಮೂರ್ನಾಲ್ಕು ಯೋಜನೆಗಳಲ್ಲಿ ಕಾಂಪೌಂಡ್, ಗೇಟು, ಬಣ್ಣ, ಸಂಪು ಇವಕ್ಕೆ ಮೂರು ಪುಟ, ಕಲಿಕೆಗೆ ಒಂದು ಸಾಲು: ಗುಣಮಟ್ಟ ಸುಧಾರಣೆ. ಗೇಟು ಬೇಡ ಅಂತಲ್ಲ. ಗೇಟಿಗೆ ಅಳತೆ ಇರುತ್ತೆ, ಎಸ್ಟಿಮೇಟ್ ಇರುತ್ತೆ. ಕಲಿಕೆಗೂ ಅಷ್ಟು ಅಳತೆ ಬೇಕಲ್ವಾ?

ಸರಿ, ಅಕ್ಕನ ಶಾಲೆಗೆ ಬರ್ತೀನಿ. ಆ ವರ್ಷ ಹತ್ತನೇ ತರಗತಿಯಲ್ಲಿ 31 ಮಕ್ಕಳು. ಡ್ಯಾಶ್‌ಬೋರ್ಡು, ಆ್ಯಪು ಏನೂ ಮಾಡಲಿಲ್ಲ. ಫೋನಿನಲ್ಲಿ ತೆರೆಯೋ ಒಂದೇ ಒಂದು ಶೀಟು, 31 ಸಾಲು. ಪ್ರತಿ ಸಾಲಿಗೂ ಒಂದು ಹೆಸರು. ಶೇಕಡಾ ಕಾಲಮ್ ಬೇಡ ಅಂತ ಅಕ್ಕನೇ ಹೇಳಿದಳು. 31 ಜನರಲ್ಲಿ ಒಬ್ಬ ಹುಡುಗನಿಗೆ ಪರೀಕ್ಷೆಯ ದಿನ ಜ್ವರ ಬಂದರೆ ಶೇ 3.2 ಹೋಯ್ತು. ಅದೇ ತಾಲ್ಲೂಕಿನ 140 ಮಕ್ಕಳ ಶಾಲೆಯಲ್ಲಿ ಅದೇ ಜ್ವರಕ್ಕೆ ಒಂದು ಅಂಶವೂ ಇಳಿಯಲ್ಲ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಚಿಕ್ಕ ಪ್ರೌಢಶಾಲೆಗಳು ಬಹಳ. 12 ಮಕ್ಕಳ ಶಾಲೆಗೂ 140 ಮಕ್ಕಳ ಶಾಲೆಗೂ ಒಂದೇ ರ‍್ಯಾಂಕ್ ಪಟ್ಟಿ ಮಾಡಿದರೆ ತುದಿಯಲ್ಲೂ ಚಿಕ್ಕ ಶಾಲೆಗಳೇ, ತಳದಲ್ಲೂ ಚಿಕ್ಕ ಶಾಲೆಗಳೇ ಬರುತ್ತವೆ. ಮೊದಲು ಬಂದವರಿಗೆ ಶಾಲು, ಕೊನೆಗೆ ಬಂದವರಿಗೆ ನೋಟಿಸು. ಮರುವರ್ಷ ಜಾಗ ಅದಲು ಬದಲು. ಇದರಲ್ಲಿ ಪಾಠದ ಪಾತ್ರ ಎಷ್ಟು, ಅದೃಷ್ಟದ ಪಾತ್ರ ಎಷ್ಟು ಅಂತ ಬಿಡಿಸಿ ನೋಡೋರು ಕಡಿಮೆ.

ಮೊದಲು ಸಿಕ್ಕಿದ್ದು ಬಸ್ಸು. ಹಾಜರಿ ಪುಸ್ತಕದಲ್ಲಿ ಎಲ್ಲ ಚೆನ್ನಾಗೇ ಇತ್ತು, ಯಾಕಂದ್ರೆ ತಡವಾಗಿ ಬಂದ ಮಕ್ಕಳಿಗೂ ಹಾಜರಿ ಸಿಗುತ್ತೆ. ಅಕ್ಕ ತನ್ನ ಪೀರಿಯಡ್ಡಿಗೆ ಬೇರೆಯಾಗಿ ಚುಕ್ಕಿ ಇಡೋಕೆ ಶುರುಮಾಡಿದಳು. ಮೂರು ವಾರದಲ್ಲೇ ಗೊತ್ತಾಯ್ತು, ಎರಡು ಹಟ್ಟಿಗಳಿಂದ ಬರುವ ಏಳು ಮಕ್ಕಳು ವಾರದಲ್ಲಿ ಮೂರು ನಾಲ್ಕು ದಿನ ಮೊದಲ ಪೀರಿಯಡ್ ತಪ್ಪಿಸಿಕೊಳ್ತಿದ್ದಾರೆ. ಅವರ ಬಸ್ಸು ಬರೋದೇ ಅಷ್ಟು ಹೊತ್ತಿಗೆ. ಮೊದಲ ಪೀರಿಯಡ್ ಯಾವುದು? ಗಣಿತ. ಬೆಳಗ್ಗೆ ತಲೆ ಫ್ರೆಶ್ ಇರುತ್ತೆ ಅಂತ ಎಷ್ಟೋ ಶಾಲೆಗಳಲ್ಲಿ ಗಣಿತ ಮೊದಲೇ ಇರುತ್ತೆ. ತಲೆಯೇ ಇನ್ನೂ ಬಸ್ಸಿನಲ್ಲಿದ್ದರೆ ಫ್ರೆಶ್ ಇದ್ದೇನು ಬಂತು? ಬಸ್ಸಿನ ಸಮಯ ಬದಲಿಸೋಕೆ ಅರ್ಜಿ ಕೊಟ್ಟರು, ಅದು ಎಲ್ಲಿದೆಯೋ. ಎಚ್‌ಎಂ ಸಾಹೇಬರು ಅದಕ್ಕೆ ಕಾಯಲಿಲ್ಲ. ಗಣಿತವನ್ನ ಮೂರನೇ ಪೀರಿಯಡ್ಡಿಗೆ ತಂದು, ಆಟ ಮತ್ತು ಲೈಬ್ರರಿಯನ್ನ ಮೊದಲಿಗೆ ಹಾಕಿದರು. ಖರ್ಚು ಸೊನ್ನೆ.

ಎರಡನೆಯದು ಕಡಲೆಕಾಯಿ. ದಸರಾ ರಜೆ ಮುಗಿದ ಮೇಲೂ ಕಾಯಿ ಕೀಳೋ ಹೊತ್ತಿಗೆ ಹಾಜರಿ ಜಾರುತ್ತೆ. ಶಿರಾ ಕಡೆ ಕುರಿ ಹೊಡ್ಕೊಂಡು ಹೋಗೋ ಮನೆಗಳದ್ದು ಬೇರೆ ಕ್ಯಾಲೆಂಡರು, ಹುಣಸೆ ಬಡಿಯೋ ಊರುಗಳದ್ದು ಇನ್ನೊಂದು, ಅದು ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೇ ಬರುತ್ತೆ. ಇದು ಮೇಷ್ಟ್ರುಗಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಇಂಥ ವಾರದಲ್ಲಿ ಇಂಥ 11 ಮಕ್ಕಳು ಇರಲಿಲ್ಲ, ಆಗ ನಡೆದದ್ದು ತ್ರಿಭುಜಗಳ ಪಾಠ ಅಂತ ಹೆಸರು ಹಿಡಿದು ಗೊತ್ತಾದರೆ ಅದನ್ನ ಇನ್ನೊಮ್ಮೆ ಮಾಡಬಹುದು. ಮಾಡಿದಳು.

ಮೂರನೆಯದು ನನ್ನನ್ನ ಕೂರಿಸಿ ಯೋಚನೆಗೆ ಹಚ್ಚಿದ್ದು. ಎಸ್‌ಎ 1 ಗಣಿತ ಪತ್ರಿಕೆಗಳನ್ನ ಒಟ್ಟು ಅಂಕ ನೋಡದೆ ಪ್ರಶ್ನೆವಾರು ಎಂಟ್ರಿ ಮಾಡಿದೆವು. ಒಂದು ಭಾನುವಾರ ಪೂರ್ತಿ ಹೋಯ್ತು. ಎಕ್ಸ್ ಪ್ಲಸ್ ವೈ ಅಂತ ಸಮೀಕರಣವನ್ನೇ ಕೊಟ್ಟು ಬಿಡಿಸಿ ಅಂದಿದ್ದನ್ನ 20 ಮಕ್ಕಳು ಸರಿ ಮಾಡಿದ್ದರು. ಅದೇ ಬಗೆಯ ಲೆಕ್ಕವನ್ನ ವಾಕ್ಯದಲ್ಲಿ ಕೊಟ್ಟಾಗ 6. ಗಣಿತ ಎರಡರಲ್ಲೂ ಒಂದೇ! ಅಕ್ಕ ಮರುದಿನ ಬೋರ್ಡಿನ ಮೇಲೆ ಬರೆದಳು: ಒಬ್ಬನ ಬಳಿ ಕುರಿ, ಕೋಳಿ ಇವೆ, ತಲೆ ಎಣಿಸಿದರೆ 20, ಕಾಲು ಎಣಿಸಿದರೆ 56, ಹಾಗಾದರೆ ಕುರಿ ಎಷ್ಟು, ಕೋಳಿ ಎಷ್ಟು? ಹತ್ತು ನಿಮಿಷ ಕೊಟ್ಟಳು, ಕೆಲವೇ ಕೈ ಎದ್ದವು. ಆಮೇಲೆ ಅದನ್ನೇ ಬಾಯಲ್ಲಿ, ತನಗೆ ಬರೋ ಅರ್ಧಂಬರ್ಧ ತೆಲುಗಿನಲ್ಲಿ ಹೇಳಿದಳು. 17 ಮಕ್ಕಳು ಬಿಡಿಸಿದರು. ಕುರಿ 8, ಕೋಳಿ 12.

ಪಾವಗಡ ಗೊತ್ತಿರೋರಿಗೆ ಇದು ಅಚ್ಚರಿಯಲ್ಲ. ತಾಲ್ಲೂಕಿನ ಬಹುಪಾಲು ಗಡಿ ಆಂಧ್ರಕ್ಕೆ ಅಂಟಿಕೊಂಡಿದೆ, ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆ ಕನ್ನಡ. ಸಂತೆಯ ಕನ್ನಡ ಮಕ್ಕಳಿಗೆ ಬರುತ್ತೆ. ಪುಸ್ತಕದ ಕನ್ನಡ ಬೇರೆಯದೇ. "ಕ್ರಮವಾಗಿ", "ಪರಸ್ಪರ", "ಅನುಪಾತ", "ವ್ಯಕ್ತಪಡಿಸಿ" ಇವು ಅಡ್ಡ ಬಂದು ನಿಲ್ಲುತ್ತವೆ. ಅಂದರೆ ಎಷ್ಟೋ ವರ್ಷದಿಂದ ವರದಿಗಳಲ್ಲಿ "ಗಣಿತದಲ್ಲಿ ಹಿಂದುಳಿದವರು" ಅಂತ ಬರೆದಿದ್ದ ಮಕ್ಕಳಲ್ಲಿ ಒಂದಷ್ಟು ಜನ ಓದಿನಲ್ಲಿ ಸಿಕ್ಕಿಕೊಂಡವರು. ಅವರಿಗೆ ಇನ್ನೂ ನೂರು ಲೆಕ್ಕ ಮಾಡಿಸಿದರೂ ಏನೂ ಆಗಲ್ಲ. ಅಕ್ಕ ಮತ್ತು ಕನ್ನಡ ಮೇಡಂ ಸೇರಿ 60 ಪದಗಳ ಪಟ್ಟಿ ಮಾಡಿ, ಎದುರಿಗೆ ತೆಲುಗು ಅರ್ಥವನ್ನ ಕನ್ನಡ ಲಿಪಿಯಲ್ಲೇ ಬರೆದು ಗೋಡೆಗೆ ಹಚ್ಚಿದರು. ಮೊದಲ ಪೀರಿಯಡ್ಡಿನ ಲೈಬ್ರರಿಯಲ್ಲಿ ಅದೇ ಕೆಲಸ. ಇದು ಪಾವಗಡದ ಔಷಧಿ. ಕೊರಟಗೆರೆಯ ಶಾಲೆಯಲ್ಲಿ ಇದೇ ಪಟ್ಟಿ ಹಚ್ಚಿದರೆ ನಗ್ತಾರೆ. ನಾಲ್ಕು ತಾಲ್ಲೂಕಿಗೂ ಒಂದೇ ಕ್ರಿಯಾ ಯೋಜನೆ ಕಳಿಸೋರು ಇದನ್ನ ಸ್ವಲ್ಪ ಗಮನಿಸಿದರೆ ಒಳ್ಳೇದು.

ಇಲ್ಲಿಯವರೆಗೆ ಖುಷಿಯ ಕಥೆ. ಜನವರಿಯಲ್ಲಿ ಬಂದಿದ್ದು ಕಷ್ಟದ್ದು.

ಪರೀಕ್ಷೆ ಹತ್ತಿರ ಬಂದ ಹಾಗೆ ಎಲ್ಲ ಶಾಲೆಗಳಲ್ಲೂ ಮಕ್ಕಳನ್ನ ಗುಂಪು ಮಾಡ್ತಾರೆ. ಪಾಸಿಂಗ್ ಪ್ಯಾಕೇಜ್ ಕೊಡ್ತಾರೆ, ಒಬ್ಬೊಬ್ಬ ಟೀಚರು ನಾಲ್ಕೈದು ಮಕ್ಕಳನ್ನ ದತ್ತು ತಗೋತಾರೆ, ಬೆಳಗಿನ ಜಾವ ಫೋನ್ ಮಾಡಿ ಎಬ್ಬಿಸ್ತಾರೆ. ಈ ಶ್ರಮ ಹೊರಗಿನವರಿಗೆ ಕಾಣಲ್ಲ, ಅದಕ್ಕೆ ಹೇಳ್ತಿದೀನಿ. ನಮ್ಮ ಶೀಟಿನಲ್ಲಿ ಗೆರೆಯ ಆಚೀಚೆ ಎಂಟು ಮಕ್ಕಳು. ಅವರಿಗಿಂತ ತುಂಬ ಕೆಳಗೆ ನಾಲ್ಕು. ಇದ್ದ ಸಮಯ ಎರಡು ತಿಂಗಳು. ಲೆಕ್ಕ ಸರಳ: ಪೂರ್ತಿ ಸಮಯವನ್ನ ಆ ಎಂಟಕ್ಕೆ ಕೊಟ್ಟರೆ ಶೇಕಡಾ ನೆಗೆಯುತ್ತೆ. ನಾಲ್ವರಿಗೆ ಕೊಟ್ಟ ಪ್ರತಿ ಗಂಟೆಯೂ ಪಟ್ಟಿಯ ದೃಷ್ಟಿಯಲ್ಲಿ ನಷ್ಟ. "ಶೀಟು ಏನನ್ನುತ್ತೆ?" ಅಂತ ಅಕ್ಕ ಕೇಳಿದಳು. ಶೀಟು ಏನೂ ಅನ್ನಲ್ಲ ಅಕ್ಕ, ನಾವು ಯಾವ ಸಂಖ್ಯೆಗೆ ಓಡ್ತಿದೀವೋ ಅದು ಅನ್ನುತ್ತೆ ಅಂದೆ.

ಸಂಖ್ಯೆಗೋಸ್ಕರ ಓಡಿದರೆ ಎಲ್ಲಿಗೆ ತಲುಪಬಹುದು ಅನ್ನೋದಕ್ಕೆ ಅಮೆರಿಕದ ಅಟ್ಲಾಂಟಾ ಇದೆ. ಅಲ್ಲಿನ ಶಾಲೆಗಳಲ್ಲಿ ಅಂಕ ಏರಿದ್ದಕ್ಕೆ ಬಹುಮಾನ, ಏರದಿದ್ದರೆ ಕೆಲಸಕ್ಕೇ ಕುತ್ತು ಅನ್ನೋ ಪರಿಸ್ಥಿತಿ ಇತ್ತು. 2011ರ ತನಿಖೆಯಲ್ಲಿ 44 ಶಾಲೆಗಳಲ್ಲಿ 178 ಶಿಕ್ಷಕರು, ಮುಖ್ಯಸ್ಥರು ಉತ್ತರ ತಿದ್ದಿದ್ದೋ ತಿದ್ದಿಸಿದ್ದೋ ಹೊರಬಿತ್ತು. 2015ರಲ್ಲಿ 11 ಮಂದಿ ಅಪರಾಧಿಗಳು ಅಂತ ತೀರ್ಪಾಯ್ತು. ಅವರೆಲ್ಲ ಹುಟ್ಟಾ ಕೆಟ್ಟವರೇನಲ್ಲ. ಅಷ್ಟು ದೂರ ಹೋಗೋದೇ ಬೇಡ. ಒಂಬತ್ತರಲ್ಲೇ ಟಿಸಿ ತಗೊಂಡು ಹೋಗು ಅಂತ ಮೆಲ್ಲಗೆ ಹೇಳಿಸಿಕೊಂಡ ಹುಡುಗರು ನಮ್ಮ ನಿಮ್ಮ ಪರಿಚಯದಲ್ಲೇ ಇಲ್ವಾ? ಹತ್ತಕ್ಕೆ ಬಾರದ ಮಗು ಶೇಕಡಾದ ಛೇದದಲ್ಲಿ ಇರೋದೇ ಇಲ್ಲ. ಪಾಸಾದವರನ್ನ ಪರೀಕ್ಷೆ ಬರೆದವರಿಂದ ಭಾಗಿಸೋ ಬದಲು, ಎಂಟನೇ ತರಗತಿಗೆ ಸೇರಿದವರಿಂದ ಭಾಗಿಸಿ ನೋಡಿ. ಎಸ್‌ಎಟಿಎಸ್ ನಂಬರ್ ಇರೋದರಿಂದ ಇದು ಒಂದು ಸಂಜೆಯ ಕೆಲಸ. ಮೂರು ವರ್ಷದ ಹಿಂದೆ ಅಕ್ಕನ ಶಾಲೆಗೆ ಎಂಟನೇ ತರಗತಿಗೆ ಸೇರಿದ್ದು 36. ಐದು ಮಕ್ಕಳು ಯಾವ ಫಲಿತಾಂಶದ ಪಟ್ಟಿಯಲ್ಲೂ ಫೇಲಾಗಲಿಲ್ಲ, ಪಾಸೂ ಆಗಲಿಲ್ಲ. ಮೂವರು ಬೇರೆ ಊರಿನ ಶಾಲೆಗಳಲ್ಲಿ ಸಿಕ್ಕರು. ಇಬ್ಬರು ಹುಡುಗಿಯರ ಹೆಸರು ಎಲ್ಲೂ ಸಿಗಲಿಲ್ಲ.

ನಾಲ್ವರ ವಿಷಯಕ್ಕೆ ಬಂದರೆ, ಅದರಲ್ಲೂ ಇಬ್ಬರು ಹುಡುಗಿಯರೇ. ಒಬ್ಬಳ ಮನೆಯಲ್ಲಿ ಆಗಲೇ ಹೇಳಿಬಿಟ್ಟಿದ್ದರಂತೆ, ಪಾಸಾದ್ರೆ ಕಾಲೇಜು, ಇಲ್ಲಾಂದ್ರೆ ಗಂಡು ನೋಡ್ತೀವಿ. ಹದಿನಾರು ತುಂಬಿರಲಿಲ್ಲ ಅವಳಿಗೆ. ಶಾಲೆಯವರು ಕೂತು ಮಾತಾಡಿದರು, ನನ್ನನ್ನೇನೂ ಕೇಳಲಿಲ್ಲ, ಕೇಳಬೇಕಾಗೂ ಇರಲಿಲ್ಲ. ಎಂಟು ಮಕ್ಕಳನ್ನ ಎಚ್‌ಎಂ ಮತ್ತು ಉಳಿದ ಟೀಚರುಗಳು ಹಂಚಿಕೊಂಡರು. ನಾಲ್ವರನ್ನ ಅಕ್ಕ ಮತ್ತು ಕನ್ನಡ ಮೇಡಂ ತಗೊಂಡರು. ಪ್ಯಾಕೇಜ್ ಪಕ್ಕಕ್ಕಿಟ್ಟು, ದಿನಾ ಒಂದು ಪ್ಯಾರಾ ಓದಿಸಿ, ಓದಿದ್ದನ್ನ ಬರೆಸೋದು. ಎಸ್‌ಡಿಎಂಸಿ ಸಭೆಯಲ್ಲಿ ಯಾರೋ "ಅವ್ರ ಮೇಲೆ ಯಾಕಮ್ಮ ಟೈಮು ಹಾಕ್ತೀರಾ, ಅವು ಆಗೋವಲ್ಲ" ಅಂದಾಗ, ಎಚ್‌ಎಂ ಎದ್ದು ಮೊಬೈಲಿನಲ್ಲಿದ್ದ ಶೀಟು ತೋರಿಸಿ, ಜೂನಿನಲ್ಲಿ ನಿಮಿಷಕ್ಕೆ ಇಷ್ಟು ಪದ ಓದ್ತಿದ್ರು, ಈಗ ಇಷ್ಟು ಅಂತ ಓದಿ ಹೇಳಿದರಂತೆ. ಸಭೆಯಲ್ಲಿ ಕಲಿಕೆಯ ಬಗ್ಗೆ ಅರ್ಧ ಗಂಟೆ ಮಾತಾಗಿದ್ದು ಅದೇ ಮೊದಲು ಅಂತ ಅಕ್ಕ.

2025ರ ಪರೀಕ್ಷೆಗೆ ಹೆಚ್ಚುವರಿ ಕೃಪಾಂಕ ಇರಲಿಲ್ಲ, ಕ್ಯಾಮೆರಾ ಇತ್ತು. ಮೇ 2ಕ್ಕೆ ಫಲಿತಾಂಶ. ರಾಜ್ಯಕ್ಕೆ 66.14, ದಕ್ಷಿಣ ಕನ್ನಡ ಮೊದಲು, ಕಲಬುರಗಿ ಕೊನೆ. ಅಕ್ಕನ ಶಾಲೆಯಲ್ಲಿ 31ಕ್ಕೆ 22. ಶೇಕಡಾ ಬೇಕಂದರೆ 71, ಹಿಂದಿನ ವರ್ಷಕ್ಕಿಂತ 12 ಅಂಶ ಮೇಲೆ. ಶೀಟಿನಿಂದಲೇ ಆಯ್ತು ಅಂತ ನಾನು ಹೇಳಲ್ಲ. ಆಗಲೇ ಹೇಳಿದೆನಲ್ಲ, ಇಷ್ಟು ಚಿಕ್ಕ ಶಾಲೆಯಲ್ಲಿ ಮೂರು ನಾಲ್ಕು ಮಕ್ಕಳ ವ್ಯತ್ಯಾಸ ಗಾಳಿಯಲ್ಲೂ ಬರಬಹುದು. ಬ್ಯಾಚೇ ಸ್ವಲ್ಪ ಚುರುಕಿರಬಹುದು. ನನಗೆ ಗಟ್ಟಿ ಅನ್ನಿಸೋದು ವಾಕ್ಯದ ಲೆಕ್ಕದ 6 ಮತ್ತು 17. ಅದು ಒಂದೇ ಕ್ಲಾಸು, ಅದೇ ಮಕ್ಕಳು.

ನಾಲ್ವರಲ್ಲಿ ಒಬ್ಬ ಹುಡುಗ ಪಾಸಾದ. ಮೂವರು ಆಗಲಿಲ್ಲ, ಆ ಹುಡುಗಿಯೂ.

2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಇದ್ದದ್ದು ನನ್ನ ಪ್ರಕಾರ ಈಚಿನ ವರ್ಷಗಳಲ್ಲಿ ಆದ ಒಳ್ಳೆಯ ಕೆಲಸ. ಆದರೆ ಫೇಲಾದ ಮಗು ರಜೆಯಲ್ಲಿ ಶಾಲೆಯ ಕಡೆ ತಲೆ ಹಾಕಲ್ಲ. ಶೀಟಿಗೆ ಹೊಸ ಕಾಲಮ್ ಒಂದೇ: ಪರೀಕ್ಷೆ 2ಕ್ಕೆ ನೋಂದಣಿ ಆಯ್ತಾ? ಒಂಬತ್ತು ಹೆಸರು, ಒಂಬತ್ತು ಫೋನು. ಮೊದಲ ದಿನವೇ ಆರು ಮಕ್ಕಳದ್ದು ಆಯ್ತು. ಇಬ್ಬರ ಮನೆಗೆ ಎಚ್‌ಎಂ ಬೈಕಿನಲ್ಲಿ ಹೋಗಿ ಬಂದರು. ಆ ಹುಡುಗಿಯ ಅಪ್ಪನ ಫೋನು ಸ್ವಿಚ್ಡ್ ಆಫ್. ಬೆಂಗಳೂರಿನ ಹತ್ತಿರ ಎಲ್ಲೋ ಕಟ್ಟಡದ ಕೆಲಸಕ್ಕೆ ಮನೆಮಂದಿಯೆಲ್ಲ ಹೋಗಿದ್ದಾರೆ ಅಂತ ಪಕ್ಕದ ಮನೆಯವರು. ಅಕ್ಕ ನನಗೆ ಫೋನ್ ಮಾಡಿ, "ನೀನು ಅಲ್ಲೇ ಇದೀಯಲ್ಲ, ನೋಡ್ಬಾರದಾ?" ಅಂದಳು. ಒಬ್ಬ ಮೇಸ್ತ್ರಿಯ ನಂಬರಿನಿಂದ ಇನ್ನೊಬ್ಬ ಮೇಸ್ತ್ರಿ ಅಂತ ನಾಲ್ಕು ದಿನ ಹಿಡೀತು. ಹೊಸಕೋಟೆ ರಸ್ತೆಯ ಒಂದು ಸೈಟಿನ ಶೆಡ್ಡಿನಲ್ಲಿ ಸಿಕ್ಕಳು, ತಮ್ಮನನ್ನ ಎತ್ತಿಕೊಂಡು ನಿಂತಿದ್ದಳು. ಅಪ್ಪನಿಗೆ ಅಕ್ಕನೇ ಫೋನಿನಲ್ಲಿ ಮಾತಾಡಿದಳು, ತೆಲುಗಿನಲ್ಲಿ, ಬಹಳ ಹೊತ್ತು. ನೋಂದಣಿ ಆಯ್ತು. ಊರಿಗೆ ಹೋಗಿ ಅಜ್ಜಿ ಮನೆಯಲ್ಲಿದ್ದು ಬರೆದಳು. ಕನ್ನಡ ಪಾಸು, ಗಣಿತ ಇನ್ನೂ ಬಾಕಿ. ಪರೀಕ್ಷೆ 3ಕ್ಕೆ ಕೂರ್ತಾಳೆ, ಅಲ್ಲಿಯವರೆಗೆ ಗಂಡಿನ ಮಾತು ಬೇಡ ಅಂತ ಅಪ್ಪ ಒಪ್ಪಿದ್ದಾರೆ.

ಈ ಜೂನಿನಲ್ಲಿ ಅಕ್ಕ ಶೀಟನ್ನ ಹತ್ತನೇ ತರಗತಿಯಿಂದ ಶುರು ಮಾಡಲಿಲ್ಲ. ಎಂಟಕ್ಕೆ ಹೊಸದಾಗಿ ಸೇರಿದ 34 ಮಕ್ಕಳನ್ನ ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟ ಓದಿಸಿದ್ದಾಳೆ. ತಡವರಿಸದೆ ಓದಿದವರು 19. ಉಳಿದ 15 ಹೆಸರುಗಳನ್ನ ನನಗೆ ಕಳಿಸಿದ್ದಾಳೆ, ಬಸ್ಸಿನ ಕಾಲಮ್ಮು, ಮನೆಮಾತಿನ ಕಾಲಮ್ಮು ಈಗಲೇ ಸೇರಿಸು ಅಂತ.